‘ಆಹಾರ ಅಸಹಿಷ್ಣುತೆ’ ಪ್ಯಾಕೇಜ್: ಸೀಲಿಯಾಕ್ ಅನುಮಾನವಿದ್ದರೆ ಇದನ್ನು ಮಾಡಿಸಬೇಡಿ

ಹನ್ನೊಂದು ವರ್ಷದ ನನ್ನ ಮಗಳಿಗಾಗಿ ಕಳೆದ ವರ್ಷ ಜೂನ್‌ ತಿಂಗಳಲ್ಲಿ, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಪ್ರಯೋಗಾಲಯವೊಂದರಲ್ಲಿ ‘ಆಹಾರ ಅಸಹಿಷ್ಣುತೆ ಪರೀಕ್ಷೆ’ ಎಂಬ ಪ್ಯಾಕೇಜನ್ನು 8,500 ರೂಪಾಯಿ ಕೊಟ್ಟು ಮಾಡಿಸಿದೆ. ಅವಳಿಗೆ ಗೋಧಿ ಆಗಿಬರುತ್ತಿಲ್ಲವೇನೋ ಎಂಬ ಸಂಶಯಕ್ಕೆ ಅದು ಉತ್ತರ ಕೊಡುತ್ತದೆಂದು ನಂಬಿದ್ದೆ. ಉತ್ತರ ಸಿಗಲಿಲ್ಲ, ಬದಲಿಗೆ ನಿಜವಾದ ಉತ್ತರ ಸಿಗುವುದು ಮೂರು ತಿಂಗಳು ತಡವಾಯಿತು. ಇದೇ ಸಂಶಯದಲ್ಲಿರುವ ಇತರ ಪೋಷಕರಿಗೆ ಹಾಗಾಗದಿರಲಿ ಎಂದು ಈ ವಿಮರ್ಶೆಯನ್ನು ವಿವರವಾಗಿ ಬರೆಯುತ್ತಿದ್ದೇನೆ.

ಸಂಶಯ ಹುಟ್ಟಿದ್ದು ನಿಧಾನವಾಗಿ. ಅವಳಿಗೆ ಬೇಧಿಯಿರಲಿಲ್ಲ, ಆದ್ದರಿಂದ ಇದು ಕರುಳಿನ ಕಾಯಿಲೆಯಿರಬಹುದೆಂದು ಮೊದಲಿಗೆ ಯಾರಿಗೂ ಹೊಳೆಯಲಿಲ್ಲ. ಊಟವಾದ ಮೇಲೆ ಹೊಟ್ಟೆ ಉಬ್ಬುತ್ತಿತ್ತು, ಬಾಯಿಹುಣ್ಣು ಒಂದು ವಾಸಿಯಾಗುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು, ಎರಡು ವರ್ಷಗಳಲ್ಲಿ ಸಮವಸ್ತ್ರದ ಲಂಗವನ್ನು ಉದ್ದ ಮಾಡಿಸುವ ಅಗತ್ಯವೇ ಬಂದಿರಲಿಲ್ಲ. ಹಿಮೋಗ್ಲೋಬಿನ್ 8.2 ಇತ್ತು. ಜಂತುಹುಳದ ಮಾತ್ರೆ ಕೊಟ್ಟೆವು, ಐದು ತಿಂಗಳು ಕಬ್ಬಿಣಾಂಶದ ಔಷಧ ಕುಡಿಸಿದೆವು; ಅಂಕಿ ಮೇಲೇರಲಿಲ್ಲ. ಸೀಲಿಯಾಕ್ ಕಾಯಿಲೆಯಲ್ಲಿ, ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನಿಗೆ ಪ್ರತಿಕ್ರಿಯಿಸುವ ದೇಹದ ರಕ್ಷಣಾ ವ್ಯವಸ್ಥೆಯು ಸಣ್ಣ ಕರುಳಿನ ಒಳಪದರವನ್ನೇ ಹಾಳುಮಾಡುತ್ತದೆ, ಮತ್ತು ಆ ಹಾನಿ ಹೆಚ್ಚಾಗಿ ಆಗುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಕಬ್ಬಿಣಾಂಶ ರಕ್ತಕ್ಕೆ ಸೇರುವುದೂ ಮುಖ್ಯವಾಗಿ ಅಲ್ಲಿಯೇ. ಔಷಧ ಕುಡಿದರೂ ಗುಣ ಕಾಣದ ರಕ್ತಹೀನತೆ ಒಂದು ದೊಡ್ಡ ಸುಳಿವು ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಪ್ಯಾಕೇಜಿನಲ್ಲಿ ಚೆನ್ನಾಗಿದ್ದುದನ್ನೂ ಹೇಳಬೇಕು. ರಕ್ತ ತೆಗೆಯಲು ಬಂದ ಹುಡುಗ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಂದ, ಹೆದರಿದ್ದ ಮಗುವಿನೊಂದಿಗೆ ಸಮಾಧಾನದಿಂದ ಮಾತನಾಡಿ ಒಂದೇ ಬಾರಿ ಚುಚ್ಚಿದ. ಆದರೆ ಆರನೆಯ ದಿನ ಬಂದ ವರದಿಯಲ್ಲಿ ಇಪ್ಪತ್ತಾರು ಆಹಾರಗಳ ಹೆಸರು ಕೆಂಪು ಬಣ್ಣದಲ್ಲಿದ್ದವು: ಅಕ್ಕಿ, ತೊಗರಿಬೇಳೆ, ಹಾಲು, ಗೋಧಿ, ಶೇಂಗಾ, ಕೊತ್ತಂಬರಿ. ಅದು ನಮ್ಮ ಅಡುಗೆಮನೆಯ ಪಟ್ಟಿಯೇ ಆಗಿತ್ತು, ಮತ್ತು ಹಾಗಿರಲು ಕಾರಣವೂ ಇದೆ. ಈ ಪ್ಯಾಕೇಜ್ ಅಳೆಯುವುದು ಆಹಾರಗಳಿಗೆ ಸಂಬಂಧಿಸಿದ ಐಜಿಜಿ ಪ್ರತಿಕಾಯಗಳನ್ನು, ಅಂದರೆ ರಕ್ಷಣಾ ವ್ಯವಸ್ಥೆ ತಯಾರಿಸುವ ಒಂದು ಬಗೆಯ ಪ್ರೋಟೀನುಗಳನ್ನು. ಆರೋಗ್ಯವಂತರಲ್ಲಿಯೂ ಇವು ತಾವು ತಿನ್ನುವ ಆಹಾರಕ್ಕೆ ಪ್ರತಿಯಾಗಿ ಉಂಟಾಗುತ್ತವೆ, ಆ ಆಹಾರ ಆಗಿಬರುವುದಿಲ್ಲ ಎಂಬುದಕ್ಕೆ ಅವು ಸಾಕ್ಷಿಯಲ್ಲ. ಅಮೆರಿಕ ಮತ್ತು ಯುರೋಪಿನ ಅಲರ್ಜಿ ತಜ್ಞರ ಸಂಘಗಳು ಇಂತಹ ಪರೀಕ್ಷೆಯನ್ನು ರೋಗನಿರ್ಣಯಕ್ಕೆ ಬಳಸಬಾರದೆಂದು ಸ್ಪಷ್ಟವಾಗಿ ಹೇಳಿವೆ. ಸೀಲಿಯಾಕ್ ಪತ್ತೆಹಚ್ಚಲು ಮೊದಲು ಬೇಕಾಗುವ ಟಿಟಿಜಿ-ಐಜಿಎ ಎಂಬ ಪ್ರತಿಕಾಯದ ರಕ್ತಪರೀಕ್ಷೆಯಂತೂ ಆ ಉದ್ದದ ವರದಿಯಲ್ಲಿ ಎಲ್ಲಿಯೂ ಇರಲಿಲ್ಲ.

ದುಡ್ಡು ಹೋದದ್ದಕ್ಕಿಂತ ದೊಡ್ಡ ನಷ್ಟ ಅನಂತರ ಆಯಿತು. ವರದಿಯ ಜೊತೆಗೆ ಫೋನಿನಲ್ಲಿ ಮಾತನಾಡಿದ ಆಹಾರ ಸಲಹೆಗಾರರು ಗೋಧಿಯನ್ನು ಕೂಡಲೇ ನಿಲ್ಲಿಸಿ ಎಂದರು. ನಾವು ಏಳು ವಾರ ನಿಲ್ಲಿಸಿದೆವು. ಮಗಳ ಹೊಟ್ಟೆ ಉಬ್ಬರ ಕಡಿಮೆಯಾಯಿತು, ನಮಗೂ ಸಂತೋಷವಾಯಿತು. ಆಮೇಲೆ ಜಠರ-ಕರುಳು ತಜ್ಞರ ಬಳಿ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಈಗ ಗೋಧಿ ತಿನ್ನುತ್ತಿದ್ದಾಳೆಯೇ?’ ಎಂಬುದು. ಗ್ಲುಟನ್ ನಿಲ್ಲಿಸಿದರೆ ರಕ್ತದಲ್ಲಿನ ಪ್ರತಿಕಾಯಗಳು ಇಳಿಯುತ್ತವೆ, ಕರುಳೂ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ, ಹಾಗಾಗಿ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಅವರ ಸೂಚನೆಯಂತೆ ಮಗಳಿಗೆ ಆರು ವಾರ ದಿನಕ್ಕೆ ಎರಡು ಚಪಾತಿ ಮತ್ತೆ ತಿನ್ನಿಸಬೇಕಾಯಿತು. ಅವಳು ಹೊಟ್ಟೆ ಹಿಡಿದುಕೊಂಡು ಮಲಗಿದ ಆ ಸಂಜೆಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಮಾಡಿಸಿದ್ದು ಎರಡೇ ರಕ್ತಪರೀಕ್ಷೆ: ಟಿಟಿಜಿ-ಐಜಿಎ ಮತ್ತು ಒಟ್ಟು ಐಜಿಎ. ಎರಡನೆಯದು ಏಕೆಂದರೆ, ಕೆಲವರಲ್ಲಿ ಐಜಿಎ ಬಗೆಯ ಪ್ರತಿಕಾಯಗಳೇ ಹುಟ್ಟಿನಿಂದ ಕಡಿಮೆಯಿರುತ್ತವೆ, ಅಂಥವರಲ್ಲಿ ಮೊದಲ ಪರೀಕ್ಷೆ ಸುಳ್ಳು ಸಮಾಧಾನ ಕೊಡಬಹುದು. ಎರಡೂ ಸೇರಿ ಪ್ಯಾಕೇಜಿನ ಕಾಲುಭಾಗದಷ್ಟೂ ಖರ್ಚಾಗಲಿಲ್ಲ. ಟಿಟಿಜಿ ಮಿತಿಗಿಂತ ಬಹಳ ಹೆಚ್ಚಿತ್ತು. ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನಿಂದ ತೆಗೆದ ಚೂರುಗಳಲ್ಲಿ ಆಹಾರಾಂಶ ಹೀರುವ ಬೆರಳಿನಂಥ ಎಳೆಗಳು ಚಪ್ಪಟೆಯಾಗಿದ್ದವು. ಸೀಲಿಯಾಕ್ ಎಂದು ಖಚಿತವಾಯಿತು.

ನಮ್ಮ ಕಡೆ ಈ ಕಾಯಿಲೆ ಅಪರೂಪ ಎನ್ನುವುದು ಸುಳ್ಳಲ್ಲ. 2016ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ ಇದರ ಪ್ರತಿಕಾಯಗಳು ಉತ್ತರ ಭಾರತದ ವಯಸ್ಕರಲ್ಲಿ ಶೇ. 1.23ರಷ್ಟು ಮಂದಿಯಲ್ಲಿ, ದಕ್ಷಿಣದಲ್ಲಿ ಶೇ. 0.10ರಷ್ಟು ಮಂದಿಯಲ್ಲಿ ಕಂಡುಬಂದವು. ಆದರೆ ಕಾಯಿಲೆಗೆ ಬೇಕಾದ ಡಿಕ್ಯೂ2, ಡಿಕ್ಯೂ8 ವಂಶವಾಹಿಗಳು ನಮ್ಮಲ್ಲಿಯೂ ಇವೆ. ಊಟದಲ್ಲಿ ಗೋಧಿ ಕಡಿಮೆ ಎಂಬುದು ಮುಖ್ಯ ವ್ಯತ್ಯಾಸ. ಜೋಳದ ರೊಟ್ಟಿ ಬಡಿಯುತ್ತಿದ್ದ ಮನೆಗಳಲ್ಲಿ ಈಗ ಡಬ್ಬಿಗೆ ಚಪಾತಿ, ಸಂಜೆಗೆ ಬಿಸ್ಕತ್ತು, ರಜೆಯಲ್ಲಿ ಬ್ರೆಡ್ ಬಂದಿವೆ. ಆದ್ದರಿಂದ ಬೆಳವಣಿಗೆ ನಿಂತ ಮಗು, ಕಾರಣ ತಿಳಿಯದ ರಕ್ತಹೀನತೆ, ಬಹುಕಾಲದ ಬೇಧಿ ಅಥವಾ ಮಲಬದ್ಧತೆ, ಮೊಣಕೈ-ಮೊಣಕಾಲುಗಳ ಮೇಲೆ ವಿಪರೀತ ತುರಿಸುವ ಗುಳ್ಳೆಗಳು, ಚಿಕ್ಕ ವಯಸ್ಸಿನಲ್ಲೇ ಸವೆದ ಮೂಳೆಗಳು, ಇವುಗಳಲ್ಲಿ ಯಾವುದಿದ್ದರೂ ವೈದ್ಯರಲ್ಲಿ ಟಿಟಿಜಿ ಬಗ್ಗೆ ಕೇಳಿ. ಮೊದಲ ವಿಧದ ಮಧುಮೇಹ, ಥೈರಾಯ್ಡ್ ತೊಂದರೆ ಇರುವ ಮಕ್ಕಳಲ್ಲಿ ಇನ್ನಷ್ಟು ಎಚ್ಚರ ಬೇಕು. ಗೋಧಿ ಅಲರ್ಜಿ ಬೇರೆಯೇ. ಅದು ತಿಂದ ಸ್ವಲ್ಪ ಹೊತ್ತಿನಲ್ಲೇ ದದ್ದು, ಊತ, ಉಬ್ಬಸದ ರೂಪದಲ್ಲಿ ತೋರುವುದೇ ಹೆಚ್ಚು. ಕರುಳಿಗೆ ಹಾನಿಯಿಲ್ಲದೆ ಬರೀ ಉಬ್ಬರ, ತಲೆಭಾರ ತರುವ ಗ್ಲುಟನ್ ಅಸಹಿಷ್ಣುತೆಯನ್ನು ಹೇಳುವ ರಕ್ತಪರೀಕ್ಷೆ ಯಾವುದೂ ಇಲ್ಲ. ಉಳಿದೆರಡನ್ನು ತಳ್ಳಿಹಾಕಿದ ಮೇಲಷ್ಟೇ ಆ ನಿರ್ಧಾರಕ್ಕೆ ಬರಬೇಕು.

ಈಗ ನಮ್ಮ ಮನೆಯಲ್ಲಿ ಗೋಧಿ, ಮೈದಾ, ರವೆ, ಬಾರ್ಲಿ ಇಲ್ಲ. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಯೂ ಇಲ್ಲ. ಇಂಗನ್ನು ಸಹ ಬದಲಾಯಿಸಿದೆವು, ಏಕೆಂದರೆ ಡಬ್ಬಿಯಲ್ಲಿ ಬರುವ ಪುಡಿ ಇಂಗಿಗೆ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅಕ್ಕಿ, ರಾಗಿ, ಜೋಳ, ನವಣೆಯಲ್ಲಿ ಗ್ಲುಟನ್ ಇಲ್ಲ, ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದರೆ ಆ ಹಿಟ್ಟು ಬೆರೆಯುತ್ತದೆ. ಹಾಗಾಗಿ ಮನೆಯಲ್ಲೇ ಚಿಕ್ಕ ಗಿರಣಿ ಇಟ್ಟುಕೊಂಡಿದ್ದೇವೆ. ಆರು ತಿಂಗಳಲ್ಲಿ ಹಿಮೋಗ್ಲೋಬಿನ್ 11.6ಕ್ಕೆ ಬಂದಿದೆ, ಲಂಗವನ್ನು ಒಮ್ಮೆ ಉದ್ದ ಮಾಡಿಸಿದ್ದೇವೆ.

ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಬೇಕೆಂದು ವೈದ್ಯರು ಹೇಳಿದ್ದರಿಂದ ಮಗನಿಗೆ ಅದೇ ಪ್ರಯೋಗಾಲಯದಲ್ಲಿ ಟಿಟಿಜಿ ಮತ್ತು ಒಟ್ಟು ಐಜಿಎ ಮಾಡಿಸಿದೆ. ಇವೆರಡೂ ಬಿಡಿ ಪರೀಕ್ಷೆಗಳಾಗಿ ಅವರ ಪಟ್ಟಿಯಲ್ಲಿ ಮೊದಲಿನಿಂದಲೂ ಇದ್ದವು. ನಾನು ಫೋನಿನಲ್ಲಿ ಮಗಳ ಲಕ್ಷಣಗಳನ್ನೆಲ್ಲ ಹೇಳಿದಾಗಲೂ ಅವರು ಸೂಚಿಸಿದ್ದು ಪ್ಯಾಕೇಜನ್ನು. ಮಗನ ವರದಿ ಎರಡನೇ ದಿನ ಬಂತು, ತೊಂದರೆಯೇನಿಲ್ಲ. ರಕ್ತ ತೆಗೆಯುವ ಸೇವೆಗೆ ಪೂರ್ಣ ಅಂಕ ಕೊಡುತ್ತೇನೆ, ಆ ಪ್ಯಾಕೇಜಿಗೆ ಒಂದನ್ನೂ ಕೊಡಲಾರೆ.