ಮೂರು ತಟ್ಟೆಯ ಎರೆಗೊಬ್ಬರದ ಡಬ್ಬಿ: ಎರಡು ವರ್ಷ ಬಳಸಿದ ಮೇಲೆ

ಅಡುಗೆಮನೆಯ ಹಸಿ ಕಸ ಗೊಬ್ಬರವಾಗಲಿ ಎಂದು ಈ ಡಬ್ಬಿ ಕೊಳ್ಳುವವರೇ ಹೆಚ್ಚು. ಆ ಕೆಲಸವನ್ನು ಇದು ಮಾಡುತ್ತದೆ, ಆದರೆ ನಿಧಾನವಾಗಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ತರಬೇಕಾದ ಕಾರಣವೇ ಬೇರೆ. ಬೀಜ ಬಿತ್ತಿದರೆ ಮೊಳಕೆ ಕಾಣುವವರೆಗೆ ಕಾಯಲು ಮಕ್ಕಳಿಗೆ ತಾಳ್ಮೆ ಸಾಲದು. ಇಲ್ಲಿ ಹಾಗಲ್ಲ, ಮುಚ್ಚಳ ತೆಗೆದಾಗಲೆಲ್ಲ ಒಳಗೆ ಏನಾದರೂ ನಡೆಯುತ್ತಲೇ ಇರುತ್ತದೆ.

ಒಂದರ ಮೇಲೊಂದು ಕೂರುವ ಮೂರು ಪ್ಲಾಸ್ಟಿಕ್ ತಟ್ಟೆಗಳು, ತಳದಲ್ಲಿ ತೂತುಗಳು, ಎಲ್ಲಕ್ಕಿಂತ ಕೆಳಗೆ ನೀರು ಇಳಿಯುವ ಪಾತ್ರೆ, ಅದಕ್ಕೊಂದು ನಲ್ಲಿ. ಇಷ್ಟೇ ಇದರ ರಚನೆ. ಇದರಲ್ಲಿ ಸಾಕುವುದು ಐಸೀನಿಯಾ ಫೆಟಿಡಾ ಎಂಬ ಕೆಂಪು ಎರೆಹುಳು. ತೋಟ ಅಗೆದಾಗ ಸಿಗುವ ಹುಳುಗಳನ್ನೇ ತಂದು ಬಿಡಬಹುದಲ್ಲ ಎಂದು ಹಲವರು ಕೇಳುತ್ತಾರೆ. ಅವುಗಳಲ್ಲಿ ಹೆಚ್ಚಿನವು ಮಣ್ಣಿನೊಳಗೇ ಬದುಕುವಂಥವು, ಡಬ್ಬಿಯಲ್ಲಿ ಒಗ್ಗುವುದಿಲ್ಲ. ಕೆಂಪು ಹುಳುವಿನ ನೆಲೆಯೇ ಕೊಳೆಯುವ ಎಲೆ, ಸಗಣಿಯ ರಾಶಿ.

ಕೆಳಗಿನ ತಟ್ಟೆ ತುಂಬಿದ ಮೇಲೆ ಹೊಸ ಸಿಪ್ಪೆಯನ್ನು ಮೇಲಿನದಕ್ಕೆ ಹಾಕಿದರೆ ಹುಳುಗಳೆಲ್ಲ ತಾವೇ ಹತ್ತಿ ಹೋಗುತ್ತವೆ ಎಂದು ಕೈಪಿಡಿ ಹೇಳುತ್ತದೆ. ಒಂದಿಷ್ಟು ಹತ್ತುತ್ತವೆ, ಬಹಳಷ್ಟು ಕೆಳಗೇ ಉಳಿಯುತ್ತವೆ. ಗೊಬ್ಬರ ಬೇರ್ಪಡಿಸಲು ನಮ್ಮಲ್ಲಿ ನಡೆಯುವುದು ಬೇರೆ ಕ್ರಮ, ಮಕ್ಕಳಿಗೆ ಅದೇ ಹಬ್ಬ. ತಟ್ಟೆಯನ್ನು ಹಳೇ ಪೇಪರಿನ ಮೇಲೆ ಸುರಿದು ಗೊಬ್ಬರವನ್ನು ಗೋಪುರದಂತೆ ಗುಡ್ಡೆ ಮಾಡುತ್ತೇವೆ. ಮೇಲೆ ದೀಪ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಹುಳುಗಳು ಒಳಕ್ಕೆ ಸರಿಯುತ್ತವೆ. ಅವಕ್ಕೆ ಕಣ್ಣಿಲ್ಲ, ಆದರೂ ಚರ್ಮಕ್ಕೆ ಬೆಳಕು ಗೊತ್ತಾಗುತ್ತದೆ. ಮೇಲಿನ ಪದರ ಕೆರೆದು ತೆಗೆದು ಮತ್ತೆ ಕಾಯಬೇಕು. ಹೀಗೆ ಕೆರೆಯುತ್ತಾ ಹೋದರೆ ಕೊನೆಗೆ ಉಳಿಯುವುದು ಒಂದಕ್ಕೊಂದು ಸುತ್ತಿಕೊಂಡ ಹುಳುಗಳ ಉಂಡೆ. ಹೀಗೆ ಕೆರೆಯುವಾಗಲೇ ಮಗಳು ಒಮ್ಮೆ "ಅಮ್ಮಾ, ಇಲ್ಲಿ ಬೀಜ ಇದೆ" ಎಂದು ಕೂಗಿದಳು. ನಿಂಬೆಹಣ್ಣಿನ ಆಕಾರದ, ಸಾಸಿವೆಗಿಂತ ತುಸು ದೊಡ್ಡದಾದ, ಹಳದಿ ಹೊಳಪಿನ ಕಾಳು. ಅದು ಹುಳುವಿನ ತತ್ತಿಕೋಶ. ಒಂದರಿಂದ ಹಲವು ಮರಿಗಳು ಬರಬಹುದು. ಒದ್ದೆ ಬಟ್ಟೆಯ ಮೇಲೆ ಇಟ್ಟು ಕತ್ತಲಲ್ಲಿ ಕಾಪಾಡಿದೆವು. ಬಣ್ಣ ಕಂದಾಗುತ್ತಾ ಬಂತು, ಕೆಲವು ವಾರಗಳ ಮೇಲೆ ಬಿಳಿ ದಾರದ ಎಳೆಯಂಥ ಮರಿಗಳು ಹೊರಬಂದವು. ಭೂತಗನ್ನಡಿ ಹಿಡಿದರೆ ಪಾರದರ್ಶಕ ಮೈಯೊಳಗೆ ರಕ್ತನಾಳದ ಕೆಂಪು ಗೆರೆ ಕಾಣುತ್ತದೆ. ಇದೊಂದು ನೋಟಕ್ಕೇ ಡಬ್ಬಿಗೆ ಕೊಟ್ಟ ಹಣ ಸಾರ್ಥಕ.

ಎರೆಹುಳುವಿಗೆ ಕಿವಿ ಕೇಳುತ್ತದೆಯೇ ಎಂದು ಮಗ ಕೇಳಿದ್ದ. ಚಾರ್ಲ್ಸ್ ಡಾರ್ವಿನ್ ಇದನ್ನು ತನ್ನ ಮನೆಯಲ್ಲೇ ಪರೀಕ್ಷಿಸಿದ್ದ, ಮನೆಮಂದಿಯನ್ನೂ ಸೇರಿಸಿಕೊಂಡು. ಕುಂಡದ ಹುಳುಗಳ ಮುಂದೆ ಸೀಟಿ ಊದಿದರು, ಬಸೂನ್ ಎಂಬ ಊದುವ ವಾದ್ಯ ನುಡಿಸಿದರು, ಅವು ಕದಲಲಿಲ್ಲ. ಕುಂಡವನ್ನು ಪಿಯಾನೋ ಮೇಲಿಟ್ಟು ಸ್ವರ ಒತ್ತಿದಾಗ ಮಾತ್ರ ಸರಕ್ಕನೆ ಬಿಲ ಸೇರಿದವು. ಅವಕ್ಕೆ ಗೊತ್ತಾಗಿದ್ದು ಶಬ್ದವಲ್ಲ, ಕಂಪನ. 1881ರಲ್ಲಿ ಆತ ಇದನ್ನೆಲ್ಲ ಪ್ರಕಟಿಸಿದ. ನಮ್ಮ ಮನೆಯಲ್ಲಿ ಪಿಯಾನೋ ಇಲ್ಲ, ಡಬ್ಬಿ ಇಟ್ಟ ಮೇಜನ್ನು ಬೆರಳಿನಿಂದ ತಟ್ಟಿ ನೋಡುತ್ತೇವೆ.

ಇನ್ನು ದೋಷಗಳು. ನಲ್ಲಿ ಬೇಗ ಕಟ್ಟಿಕೊಳ್ಳುತ್ತದೆ, ಅದರ ಬಾಯಿ ತೀರಾ ಸಣ್ಣದು. ನಾನು ಅದನ್ನು ತೆರೆದೇ ಬಿಟ್ಟು ಕೆಳಗೆ ಬೋಗುಣಿ ಇಡುತ್ತೇನೆ. ಅಲ್ಲಿಂದ ಇಳಿಯುವ ನೀರನ್ನು ಕೈಪಿಡಿ ಅಮೃತದಂತೆ ಹೊಗಳುತ್ತದೆ, ಒಪ್ಪಲಾರೆ. ನೀರು ಜಾಸ್ತಿ ಇಳಿಯುತ್ತಿದೆ ಎಂದರೆ ಒಳಗೆ ತೇವ ಮಿತಿಮೀರಿದೆ ಎಂದೇ ಅರ್ಥ. ಹರಿದ ರಟ್ಟು, ಒಣ ಎಲೆ ಹಾಕಿದರೆ ಸರಿಹೋಗುತ್ತದೆ. ಹುಳುಗಳು ಚರ್ಮದಿಂದಲೇ ಉಸಿರಾಡುವುದರಿಂದ ತೇವ ಬೇಕು, ನೀರು ನಿಲ್ಲಬಾರದು. ಹಿಂಡಿದ ಬಟ್ಟೆಯಷ್ಟು ಒದ್ದೆಯಿದ್ದರೆ ಸಾಕು.

ಡಬ್ಬಿಯ ಬಣ್ಣ ಕಪ್ಪು, ಇದು ದೊಡ್ಡ ತಪ್ಪು. ಈ ಹುಳುಗಳಿಗೆ ಹಿತವಾದದ್ದು 15ರಿಂದ 25 ಡಿಗ್ರಿ ಸೆಲ್ಸಿಯಸ್. 35 ದಾಟಿದರೆ ಉಳಿಯುವುದು ಕಷ್ಟ. ಬಿಸಿಲಲ್ಲಿಟ್ಟ ಕಪ್ಪು ಪ್ಲಾಸ್ಟಿಕ್ ಎಷ್ಟು ಕಾಯುತ್ತದೆಂದು ತಯಾರಕರಿಗೆ ತಿಳಿಯದ್ದೇನಲ್ಲ. ನೆರಳು ಸಿಗದ ಮನೆಯವರು ಇದನ್ನು ಕೊಳ್ಳಬೇಡಿ.

ವಾಸನೆ ಬರುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ. ಎಣ್ಣೆ, ಉಪ್ಪು, ಹಾಲಿನ ಪದಾರ್ಥ, ಮಾಂಸ ಹಾಕದಿದ್ದರೆ, ನಿಂಬೆ ಜಾತಿಯ ಸಿಪ್ಪೆ ಕಡಿಮೆಯಿದ್ದರೆ, ಮಳೆ ಬಿದ್ದ ಮಣ್ಣಿನ ವಾಸನೆ ಬಿಟ್ಟು ಬೇರೇನೂ ಇಲ್ಲ. ಹೊಸ ಸಿಪ್ಪೆಯನ್ನು ಒಣ ಎಲೆಯಿಂದ ಮುಚ್ಚಿದರೆ ಹಣ್ಣಿನ ನೊಣದ ಕಾಟವೂ ತಗ್ಗುತ್ತದೆ.

ತಟ್ಟೆಗಳು ಇಷ್ಟು ದಿನವಾದರೂ ಬಿರುಕು ಬಿಟ್ಟಿಲ್ಲ. ಆದರೆ ತುಂಬಿದ ತಟ್ಟೆ ಮಕ್ಕಳಿಗೆ ಎತ್ತಲಾಗದಷ್ಟು ಭಾರ, ಪಕ್ಕದಲ್ಲಿ ದೊಡ್ಡವರು ಇರಲೇಬೇಕು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ತಿಳಿ ಬಣ್ಣದ್ದು, ಅಗಲ ಬಾಯಿಯ ನಲ್ಲಿಯದು ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.