ಗೋಡೆಯೊಳಗಿನ ಚಾನೆಲ್ ಹುಡುಕುವ ಸ್ಟಡ್ ಫೈಂಡರ್: ಮಡಿಕೇರಿಯ ಮನೆಯಲ್ಲಿ ಐದು ಮಳೆಗಾಲಗಳ ಬಳಕೆಯ ನಂತರ

ಗೋಡೆಯ ಒಳಗೆ ಅಡಗಿರುವ ಮರದ ಕಂಬ, ಲೋಹ ಮತ್ತು ಕರೆಂಟ್ ಹರಿಯುವ ವೈರ್, ಈ ಮೂರನ್ನೂ ಹೊರಗಿನಿಂದಲೇ ಗುರುತಿಸುವ, 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಸ್ಟಡ್ ಫೈಂಡರ್ ಒಂದನ್ನು ನಾನು 2019ರ ಡಿಸೆಂಬರ್‌ನಲ್ಲಿ ಕೊಂಡೆ. ಅಲ್ಲಿಂದ 2024ರ ವರೆಗಿನ ಐದು ಮಳೆಗಾಲಗಳನ್ನು ಅದು ನಮ್ಮ ಮನೆಯಲ್ಲಿಯೇ ಕಳೆದಿದೆ. ಕೊಂಡ ವಾರದಲ್ಲಿ ಬರೆದಿದ್ದರೆ ಬರೀ ಹೊಗಳಿಕೆಯನ್ನೇ ಬರೆಯುತ್ತಿದ್ದೆ. ಕೊಡಗಿನಂತಹ ಥಂಡಿಯ ಊರಿನಲ್ಲಿ ಈ ಸಾಧನ ಎಲ್ಲಿ ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದು ವರ್ಷಗಳು ಕಳೆದ ಮೇಲೆ ತಿಳಿಯಿತು.

2018ರ ಆಗಸ್ಟ್‌ನ ಮಹಾಮಳೆಯಲ್ಲಿ ನಮ್ಮ ಮನೆಯ ಹಿಂಬದಿಯ ಗೋಡೆ ಬಿರುಕು ಬಿಟ್ಟಿತ್ತು. ದುರಸ್ತಿಯ ವೇಳೆ ಮನೆ ನೋಡಿದ ಎಂಜಿನಿಯರ್, ಇಳಿಜಾರಿನ ಜಾಗವಾದ್ದರಿಂದ ಮೇಲಂತಸ್ತಿನ ಮೇಲೆ ಇನ್ನಷ್ಟು ಭಾರ ಹೇರುವುದು ಬೇಡವೆಂದು ಹೇಳಿದ್ದರಿಂದ, ಅಲ್ಲಿನ ಹಾಲ್ ಅನ್ನು ಇಟ್ಟಿಗೆಯ ಬದಲು ಜಿಐ ಚಾನೆಲ್‌ಗಳನ್ನು, ಅಂದರೆ ಸತು ಲೇಪಿಸಿದ ಉಕ್ಕಿನ ತಗಡಿನ ಕಂಬಗಳನ್ನು, ನಿಲ್ಲಿಸಿ, ಎರಡೂ ಬದಿಗೆ 12.5 ಮಿಲಿಮೀಟರ್ ದಪ್ಪದ ಜಿಪ್ಸಂ ಬೋರ್ಡ್ ಬಡಿದು ಎರಡು ಕೋಣೆಗಳನ್ನಾಗಿ ಮಾಡಿದೆವು. ಅಂತಹ ಗೋಡೆಯ ತೂಕ ಇಟ್ಟಿಗೆ ಗೋಡೆಯ ಕಾಲು ಭಾಗವೂ ಇರುವುದಿಲ್ಲ. ಆದರೆ ಬಣ್ಣ ಹೊಡೆದ ಮೇಲೆ ನೋಡುವುದಕ್ಕೆ ಎರಡೂ ಒಂದೇ ಥರ ಇರುವುದರಿಂದ, ನಾವು ಇಟ್ಟಿಗೆ ಗೋಡೆಗೆ ಹೊಡೆದಂತೆಯೇ ಪ್ಲಾಸ್ಟಿಕ್ ಪ್ಲಗ್ ಹಾಕಿ ಶೆಲ್ಫ್ ಕೂರಿಸಿಬಿಟ್ಟೆವು.

ಆ ಶೆಲ್ಫ್‌ನ ಮೇಲೆ ಆರು ಬಾಟಲಿ ಜೇನು, ನಾಲ್ಕು ಬಾಟಲಿ ಕಾಚಂಪುಳಿ (ಅಡುಗೆಗೆ ಬಳಸುವ ಕೊಡಗಿನ ಕಪ್ಪು ಹುಳಿರಸ) ಇದ್ದವು. ಒಂದು ಲೀಟರ್ ಜೇನೇ ಸುಮಾರು 1.4 ಕಿಲೋ ತೂಗುತ್ತದೆ, ಅದರ ಮೇಲೆ ಗಾಜಿನ ತೂಕ ಬೇರೆ. 2019ರ ಜುಲೈನ ಒಂದು ರಾತ್ರಿ ಶೆಲ್ಫ್ ಪೂರ್ತಿ ಕಳಚಿ ಬಿದ್ದಿತು. ಬೆಳಗ್ಗೆ ನೋಡಿದರೆ ಪ್ಲಗ್‌ಗಳು ಸ್ಕ್ರೂ ಸಮೇತ ಹೊರಬಂದಿದ್ದವು, ಅವುಗಳ ಹಲ್ಲುಗಳ ನಡುವೆ ಜಿಪ್ಸಂನ ಬಿಳಿ ಪುಡಿ ಒದ್ದೆಯಾಗಿ ಹಿಟ್ಟಿನಂತೆ ಅಂಟಿಕೊಂಡಿತ್ತು. ತೂತುಗಳ ಸುತ್ತ ಬೋರ್ಡಿನ ಕಾಗದ ಹರಿದು ಜೋತಾಡುತ್ತಿತ್ತು. ಚೆಲ್ಲಿದ ಕಾಚಂಪುಳಿಯ ಕಪ್ಪು ಕಲೆಯನ್ನು ಹೇಗೋ ಉಜ್ಜಿ ತೆಗೆದೆವು, ಹುಳಿ ವಾಸನೆ ಮಾತ್ರ ವಾರಗಟ್ಟಲೆ ಹೋಗಲಿಲ್ಲ. ನೋಡಲು ಬಂದ ಆಚಾರಿ, "ಅಕ್ಕ, ಬರೀ ಬೋರ್ಡಿಗೆ ಹೊಡೆದ್ರೆ ನಿಲ್ಲೋದಿಲ್ಲ, ಒಳಗೆ ಚಾನೆಲ್ ಎಲ್ಲಿದೆ ಅಂತ ನೋಡಿ ಅದಕ್ಕೇ ಹೊಡೀಬೇಕು" ಎಂದರು. ಚಾನೆಲ್ ಎಲ್ಲಿದೆ ಎಂಬ ಆ ಪ್ರಶ್ನೆಗಾಗಿಯೇ ಈ ಸಾಧನವನ್ನು ತರಿಸಿದೆ.

ಇದರ ಮೂಲ ಅಮೆರಿಕದ್ದು. ಅಲ್ಲಿನ ಮನೆಗಳ ಗೋಡೆಗಳಲ್ಲಿ ಸಾಮಾನ್ಯವಾಗಿ 16 ಇಂಚಿಗೊಂದರಂತೆ ಮರದ ಕಂಬಗಳಿರುತ್ತವೆ, ಅವುಗಳನ್ನೇ ಸ್ಟಡ್ ಎನ್ನುತ್ತಾರೆ. ಬೋರ್ಡಿನ ಹಿಂದೆ ಮರ ಬಂದಾಗ ಗೋಡೆಯ ವಿದ್ಯುತ್ ಧಾರಣಶಕ್ತಿ (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಗುಣ) ತುಸು ಹೆಚ್ಚಾಗುವುದನ್ನು ಅಳೆದು ತೋರಿಸುವ ಸಾಧನಕ್ಕೆ ರಾಬರ್ಟ್ ಫ್ರಾಂಕ್ಲಿನ್ ಎಂಬವರು 1978ರಲ್ಲಿ ಪೇಟೆಂಟ್ ಪಡೆದರು, ನನ್ನ ಸಾಧನದ 'ಮರ' ವಿಧಾನವೂ ಅದೇ ತತ್ವದ ಮೇಲೆ ನಡೆಯುತ್ತದೆ. ಜೊತೆಗೆ ಬಂದ ಕೈಪಿಡಿಯೂ ಆ ವಿಧಾನದಿಂದಲೇ ಆರಂಭಿಸಲು ಹೇಳುತ್ತದೆ. ನಾನೂ ಹಾಗೆಯೇ ಆರಂಭಿಸಿದೆ. ಡಿಸೆಂಬರ್‌ನ ಒಣ ಹವೆಯಲ್ಲಿ ಅದು ಚಾನೆಲ್‌ಗಳ ಅಂಚನ್ನು ಸರಿಯಾಗಿಯೇ ತೋರಿಸಿತು. ಮರುವರ್ಷದ ಜುಲೈನಲ್ಲಿ ಅದೇ ಗೋಡೆಯ ಮೇಲೆ ಇಟ್ಟರೆ ಎಲ್ಲಿ ಎಳೆದರೂ ಬೀಪ್, ಎಲ್ಲಿ ನಿಲ್ಲಿಸಿದರೂ ಕೆಂಪು ದೀಪ.

ಸಾಧನ ಕೆಟ್ಟಿತೆಂದು ನಾನು ಅದನ್ನು ಹಿಂದಕ್ಕೆ ಕಳುಹಿಸುವುದರಲ್ಲಿದ್ದೆ. ಕೆಟ್ಟಿರಲಿಲ್ಲ. ಧಾರಣಶಕ್ತಿಯ ಲೆಕ್ಕದಲ್ಲಿ ಒಣ ಮರ, ಜಿಪ್ಸಂ ಇವೆಲ್ಲ ಒಂದಂಕಿಯ ಬೆಲೆಯವಾದರೆ ನೀರಿನದು ಸುಮಾರು 80. ಆದ್ದರಿಂದ ಬೋರ್ಡು ಅಲ್ಲಲ್ಲಿ ಥಂಡಿ ಹಿಡಿದಿದ್ದರೆ ಆ ತೇವವೇ ಸಾಧನಕ್ಕೆ ಕಂಬದಂತೆ ಕಾಣುತ್ತದೆ. ಬಟ್ಟೆ ಒಣಗುವುದಕ್ಕೂ ಬೆಂಕಿ ಕಾಯಿಸಬೇಕಾದ ನಮ್ಮ ಮಳೆಗಾಲದಲ್ಲಿ ಈ ವಿಧಾನವನ್ನು ನಂಬಿ ತೂತು ಕೊರೆಯಲೇಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಅಲ್ಲದೆ ಅದರ ಅಗತ್ಯವೂ ನಮಗಿಲ್ಲ, ಏಕೆಂದರೆ ನಮ್ಮ ಗೋಡೆಯೊಳಗೆ ಇರುವುದು ಮರವಲ್ಲ, ಸತು ಲೇಪಿಸಿದ ಉಕ್ಕಿನ ತಗಡು. 'ಲೋಹ' ವಿಧಾನ ಕಾಂತಕ್ಷೇತ್ರದ ಮೂಲಕ ಹುಡುಕುವುದರಿಂದ ತೇವದ ಗೊಡವೆ ಅದಕ್ಕಿಲ್ಲ. ನಾನು ಆ ಗುಂಡಿಯನ್ನು ಒತ್ತಿದ ದಿನದಿಂದ ಜುಲೈಯಲ್ಲೂ ಜನವರಿಯಲ್ಲೂ ಉತ್ತರ ಒಂದೇ ಬಂದಿದೆ.

ಆದರೂ ಬೀಪ್ ಬಂದ ಕೂಡಲೇ ಡ್ರಿಲ್ ಎತ್ತಿಕೊಳ್ಳುವುದಿಲ್ಲ. ಮೊದಲು ಸಾಧನವನ್ನು ಗೋಡೆಯಿಂದ ದೂರ, ಗಾಳಿಯಲ್ಲಿ ಹಿಡಿದು ಆನ್ ಮಾಡುತ್ತೇನೆ. ಲೋಹದ ಮೇಲೆಯೇ ಇಟ್ಟು ಆನ್ ಮಾಡಿದರೆ ಅದನ್ನೇ ಶೂನ್ಯವೆಂದು ತಿಳಿದು ಚಾನೆಲನ್ನೇ ಬಿಟ್ಟುಬಿಡುತ್ತದೆ. ಅನಂತರ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ನಿಧಾನವಾಗಿ ಎಳೆದು, ಎರಡೂ ಬಾರಿ ಬೀಪ್ ಬಂದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ನಡುವಿನ ಬಿಂದುವನ್ನು ಹಿಡಿಯುತ್ತೇನೆ. ಇದನ್ನು ಮೂರು ಎತ್ತರಗಳಲ್ಲಿ ಮಾಡಿ, ಮೂರೂ ಗುರುತುಗಳು ತೂಗುಗುಂಡಿನ ದಾರಕ್ಕೆ ಸರಿಯಾಗಿ ಬಂದರೆ ಅದು ಚಾನೆಲ್. ಅಡ್ಡಕ್ಕೆ ಹೋದರೆ ಪೈಪೋ ಅಡ್ಡಪಟ್ಟಿಯೋ ಇರಬೇಕು. ನಮ್ಮಲ್ಲಿ ಚಾನೆಲ್‌ಗಳ ಅಂತರ 600 ಮಿಲಿಮೀಟರ್, ಆದ್ದರಿಂದ ಒಂದು ಸಿಕ್ಕಿದರೆ ಮುಂದಿನದನ್ನು ಅಳತೆ ಪಟ್ಟಿಯಿಂದಲೂ ತಾಳೆ ನೋಡಬಹುದು. ಕೊನೆಯದಾಗಿ ಒಂದು ಪುಟ್ಟ ನಿಯೋಡಿಮಿಯಮ್ ಅಯಸ್ಕಾಂತವನ್ನು ಆ ಗೆರೆಯ ಮೇಲೆ ಆಡಿಸುತ್ತೇನೆ. ಪುಟ್ಟಿಯ ಕೆಳಗಿರುವ ಸ್ಕ್ರೂ ತಲೆ ಬಂದಲ್ಲಿ ಅದು ಟಕ್ಕೆಂದು ಗೋಡೆಗೆ ಅಂಟಿ ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ಒಂದೇ ಒಂದು ಶೆಲ್ಫ್ ಹಾಕುವವರಿಗೆ ಈ ಅಯಸ್ಕಾಂತ, ಅಳತೆ ಪಟ್ಟಿ ಎರಡೇ ಸಾಕು.

ಹಾಗಿದ್ದೂ ಸಾಧನಕ್ಕೆ ಹಣ ಕೊಟ್ಟದ್ದು ಸಾರ್ಥಕ ಎನ್ನುವುದು ಅದರ ಮೂರನೆಯ ವಿಧಾನದಿಂದಾಗಿ. ಅದು 230 ವೋಲ್ಟ್‌ನ ಲೈನ್ ಇರುವ ಜಾಗದಲ್ಲಿ ಎಚ್ಚರಿಸುತ್ತದೆ, ಅಯಸ್ಕಾಂತಕ್ಕೆ ಆ ಕೆಲಸ ಬಾರದು. ಆದರೆ ಕೊಡಗಿನ ಓದುಗರು ಇಲ್ಲೊಂದು ಮಾತನ್ನು ದಯವಿಟ್ಟು ಗಮನಿಸಬೇಕು. ಈ ವಿಧಾನ ಹುಡುಕುವುದು ವೈರನ್ನಲ್ಲ, ವೈರಿನಲ್ಲಿರುವ ವಿದ್ಯುತ್ತನ್ನು. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗಿರುವಾಗ, 'ಹೇಗೂ ಬೇರೆ ಕೆಲಸವಿಲ್ಲ' ಎಂದು ಗೋಡೆ ಪರೀಕ್ಷಿಸಲು ಹೊರಟರೆ, ವೈರಿನ ಮೇಲೆಯೇ ಇಟ್ಟರೂ ಸಾಧನ ಸುಮ್ಮನಿರುತ್ತದೆ. 2021ರಲ್ಲಿ ನಾನು ಮಾಡಿದ್ದು ಅದನ್ನೇ. ಬ್ಯಾಟರಿಯ ಡ್ರಿಲ್‌ನಿಂದ ಕೊರೆಯಲು ಗುರುತು ಹಾಕಿಟ್ಟಿದ್ದೆ, ಅಷ್ಟರಲ್ಲಿ ಕತ್ತಲಾದ್ದರಿಂದ ಬಿಟ್ಟೆ. ಮರುದಿನ ಕರೆಂಟ್ ಬಂದ ಮೇಲೆ ಅದೇ ಗುರುತಿನ ಮೇಲೆ ಇಟ್ಟಾಗ ದೀಪ ಕೆಂಪಗೆ ಹೊತ್ತಿಕೊಂಡಿತು. ನನ್ನ ಪೆನ್ಸಿಲ್ ಗುರುತು ಸ್ವಿಚ್‌ಬೋರ್ಡಿನಿಂದ ನೇರ ಮೇಲಕ್ಕೆ ಹೋಗುವ ವೈರಿನ ಮೇಲಿತ್ತು. ಆದ್ದರಿಂದ ಕರೆಂಟ್ ಇರುವಾಗ, ಆ ಕೋಣೆಯ ಎಲ್ಲ ಸ್ವಿಚ್‌ಗಳನ್ನೂ ಹಾಕಿಟ್ಟುಕೊಂಡು ಪರೀಕ್ಷಿಸಬೇಕು, ಕೊರೆಯುವ ಮೊದಲು ಮೇನ್ ಆಫ್ ಮಾಡಬೇಕು. ಕಬ್ಬಿಣದ ಪೈಪಿನೊಳಗೆ ಹೋದ ವೈರ್ ಈ ವಿಧಾನಕ್ಕೆ ಕಾಣುವುದಿಲ್ಲ, ಹಾಗಾಗಿ ಸ್ವಿಚ್ ಮತ್ತು ಪ್ಲಗ್ ಪಾಯಿಂಟ್‌ಗಳ ನೇರ ಮೇಲೆ, ಕೆಳಗೆ ನಾನು ಎಂದೂ ಕೊರೆಯುವುದಿಲ್ಲ. ಗೋಡೆಯಿಡೀ ಕರೆಂಟ್ ಇರುವಂತೆ ತೋರಿಸಿದರೆ ಸಾಧನದಿಂದ ಒಂದಡಿ ದೂರದಲ್ಲಿ ಇನ್ನೊಂದು ಅಂಗೈಯನ್ನು ಗೋಡೆಗೆ ಒತ್ತಿ ಹಿಡಿಯಿರಿ, ಗೋಡೆಯ ಮೇಲಿನ ಸ್ಥಿರ ವಿದ್ಯುತ್ ಇಳಿದು ಗುರುತು ಸ್ಪಷ್ಟವಾಗುತ್ತದೆ.

ಇಟ್ಟಿಗೆ ಅಥವಾ ಮಣ್ಣಿನ ಗೋಡೆಯ ಹಳೆಯ ಮನೆಗಳಲ್ಲಿ ಹುಡುಕಲು ಸ್ಟಡ್ಡೇ ಇರುವುದಿಲ್ಲ, ವೈರ್ ಮತ್ತು ಪೈಪಿಗಷ್ಟೇ ಇದರ ಉಪಯೋಗ. ಟೊಳ್ಳು ಕಾಂಕ್ರೀಟ್ ಬ್ಲಾಕ್‌ನ ಗೋಡೆಯಲ್ಲಿ 'ಮರ' ವಿಧಾನ ಟೊಳ್ಳಿನ ಅಂಚನ್ನೇ ಕಂಬವೆಂದು ತೋರಿಸುತ್ತದೆ.

ಸಾಧನದ ಹೊರಮೈ ಗಟ್ಟಿಯಾಗಿದೆ, ಎರಡು ಬಾರಿ ಏಣಿಯಿಂದ ಬಿದ್ದರೂ ಏನೂ ಆಗಿಲ್ಲ. ಬ್ಯಾಟರಿ ಇಳಿಯುತ್ತಿದ್ದಂತೆ ಮಾತ್ರ ಇಲ್ಲದ್ದನ್ನು ತೋರಿಸತೊಡಗುತ್ತದೆ. ಒಮ್ಮೆ ಮಳೆಗಾಲದುದ್ದಕ್ಕೂ ಬ್ಯಾಟರಿಯನ್ನು ಒಳಗೇ ಬಿಟ್ಟಿದ್ದರಿಂದ ಅದರ ಕೊಂಡಿಗಳಲ್ಲಿ ಹಸಿರು ಕಿಲುಬು ಹಿಡಿದಿತ್ತು, ಮರಳು ಕಾಗದದಿಂದ ಉಜ್ಜಿದ ಮೇಲೆ ಸರಿಯಾಯಿತು. ಈಗ ಮೇ ಕೊನೆಯಲ್ಲಿ ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಚೀಟಿಯೊಂದಿಗೆ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ.

ಮನೆಯಲ್ಲಿ ಜಿಪ್ಸಂ ಬೋರ್ಡಿನ ಕೋಣೆಗಳಿರುವವರು, ಹೋಂಸ್ಟೇ ನಡೆಸುವವರು ಇದನ್ನು ಕೊಳ್ಳಬಹುದು. ಕೊಳ್ಳುವಾಗ 'ಲೋಹ' ವಿಧಾನ ಪ್ರತ್ಯೇಕವಾಗಿ ಇದೆಯೇ ಎಂದು ನೋಡಿಕೊಳ್ಳಿ, ಮರವನ್ನಷ್ಟೇ ಹುಡುಕುವ ಅಗ್ಗದ ಸಾಧನ ನಮ್ಮ ಹವೆಗೆ ಬೇಡ. ಚಾನೆಲ್ ಸಿಕ್ಕಿದರೂ ಅದು ತೆಳುವಾದ ತಗಡೆಂಬುದನ್ನು ಮರೆಯುವಂತಿಲ್ಲ. ನಾವು ಮೂರು ಚಾನೆಲ್‌ಗಳಿಗೆ ಅಡ್ಡಲಾಗಿ 18 ಮಿಲಿಮೀಟರ್ ಪ್ಲೈವುಡ್ ಪಟ್ಟಿಯನ್ನು ತಗಡಿಗೆ ಹಾಕುವ ಸ್ಕ್ರೂಗಳಿಂದ ಬಿಗಿದು, ಶೆಲ್ಫನ್ನು ಆ ಪಟ್ಟಿಗೆ ಕೂರಿಸಿದ್ದೇವೆ. 2020ರ ಜನವರಿಯಿಂದ ಅದೇ ಹತ್ತು ಬಾಟಲಿಗಳು ಅದರ ಮೇಲಿವೆ, ಕಾಚಂಪುಳಿ ಮಾತ್ರ ಈಗ ಕೆಳಗಿನ ತಟ್ಟಿನಲ್ಲಿದೆ.