ಹೋದ ವರ್ಷದ ಆ ಒಂದು ಸಾಲು ನಕಲು ಮಾಡಬೇಡಿ

ಕಂಪನಿಯ ವಾರ್ಷಿಕ ಲೆಕ್ಕಪತ್ರಕ್ಕೆ ನೋಟ್ಸ್ (ಅಂಕಿಗಳ ಜೊತೆ ಬರುವ ವಿವರಣೆ) ಬರೆಯುವವರು ನೀವಾದರೆ ಇದನ್ನು ಓದಿ. ನಾನು ಒಂದೇ ಒಂದು ಸಾಲಿನಿಂದ ಸಿಕ್ಕಿಬಿದ್ದೆ. ಆ ಸಾಲು ಇದು: "ಸಾಲಗಳ ಪುಸ್ತಕ ಮೌಲ್ಯವೂ ಫೇರ್ ವ್ಯಾಲ್ಯೂವೂ ಹೆಚ್ಚುಕಡಿಮೆ ಒಂದೇ." ಪುಸ್ತಕ ಮೌಲ್ಯ ಅಂದರೆ ನಮ್ಮ ಲೆಕ್ಕದಲ್ಲಿ ಬರೆದಿರುವ ಮೊತ್ತ; ಫೇರ್ ವ್ಯಾಲ್ಯೂ ಅಂದರೆ ಅದೇ ಸಾಲಕ್ಕೆ ಮಾರುಕಟ್ಟೆ ಇವತ್ತು ಕಟ್ಟುವ ಬೆಲೆ.

ಮೂರು ವರ್ಷದ ಹಿಂದೆ ಬರೆದಾಗ ಅದು ಸರಿಯಾಗಿಯೇ ಇತ್ತು. ಆಗ ಇದ್ದದ್ದು ಮೂರು ತಿಂಗಳಿಗೊಮ್ಮೆ ಬಡ್ಡಿ ಬದಲಾಗುವ ಬ್ಯಾಂಕ್ ಸಾಲ. ಆಮೇಲೆ ಕಂಪನಿ ಅದನ್ನು ತೀರಿಸಿ, ಸ್ಥಿರ ಬಡ್ಡಿಯ ಬಾಂಡ್ ತಂದಿತು. ಮಾರುಕಟ್ಟೆಯ ಬಡ್ಡಿ ಏರಿತು. ನಾನು ಮಾತ್ರ ಹಳೆ ಸಾಲನ್ನೇ ಕಾಪಿ ಮಾಡ್ತಾ ಹೋದೆ.

ಎಷ್ಟು ವ್ಯತ್ಯಾಸ ಆಗುತ್ತೆ ನೋಡಿ. 100ರ ಬಾಂಡ್, ವರ್ಷಕ್ಕೆ 4% ಬಡ್ಡಿ, ಇನ್ನೂ 5 ವರ್ಷ ಬಾಕಿ. ಅಂಥದ್ದೇ ಸಾಲಕ್ಕೆ ಮಾರುಕಟ್ಟೆ ಈಗ 7% ಕೇಳಿದರೆ ಅದರ ಬೆಲೆ ಸುಮಾರು 87.70. ಇದು "ಹೆಚ್ಚುಕಡಿಮೆ ಒಂದೇ" ಅಲ್ಲ ಅಲ್ವಾ? ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮವಾದ ಐಎಫ್‌ಆರ್‌ಎಸ್ 7, ಫೇರ್ ವ್ಯಾಲ್ಯೂವನ್ನು ಬೇರೆಯಾಗಿ ತೋರಿಸದೆ ಇಂಥ ಒಂದು ಸಾಲು ಬರೆದು ಬಿಡುವ ವಿನಾಯಿತಿ ಕೊಡುವುದು ಎರಡು ಮೌಲ್ಯಗಳೂ ನಿಜಕ್ಕೂ ಹತ್ತಿರ ಇದ್ದಾಗ ಮಾತ್ರ. ಕಡಿಮೆ ಅವಧಿಯ ವ್ಯಾಪಾರದ ಬಾಕಿಗಳು ಅಂಥವು.

ಬೋರ್ಡ್ ಮೀಟಿಂಗ್‌ಗೆ ಎರಡು ದಿನ ಇರುವಾಗ ಆಡಿಟರ್ ಕೇಳಿದರು, "ಯಾವ ದರದಲ್ಲಿ ಲೆಕ್ಕ ಹಾಕಿದ್ರಿ?" ಲೆಕ್ಕ ಹಾಕಿದ್ದರೆ ತಾನೇ ಹೇಳೋದು!

ಗಡಿಬಿಡಿಯಲ್ಲಿ ಇನ್ನಷ್ಟು ಎಡವಟ್ಟು ಮಾಡಿದೆ. ಮೊದಲು ಸರ್ಕಾರಿ ಬಾಂಡಿನ ದರ ಹಿಡಿದೆ. ಫೇರ್ ವ್ಯಾಲ್ಯೂ ಅಳೆಯುವ ನಿಯಮವಾದ ಐಎಫ್‌ಆರ್‌ಎಸ್ 13ರ ಪ್ರಕಾರ, ನಾವೇ ಸಾಲ ತೀರಿಸದೆ ಹೋಗುವ ಅಪಾಯವೂ ಆ ಬೆಲೆಯಲ್ಲಿ ಸೇರಬೇಕು. ಅದನ್ನು ಬಿಟ್ಟಿದ್ದೆ. ಆಮೇಲೆ ಸ್ಕ್ರೀನ್ ಮೇಲೆ ಒಂದು ಬೆಲೆ ಕಂಡಿತು, ಖುಷಿಯಿಂದ ಲೆವೆಲ್ 1 (ಫೇರ್ ವ್ಯಾಲ್ಯೂವಿನ ಮೂರು ದರ್ಜೆಗಳಲ್ಲಿ ಮೇಲಿನದು) ಅಂತ ಹಾಕಿದೆ. ಆ ಬಾಂಡ್ ಕೈ ಬದಲಾಯಿಸಿ ವಾರಗಳೇ ಆಗಿದ್ದವು. ಚುರುಕಾಗಿ ವಹಿವಾಟು ನಡೆಯುವ ಮಾರುಕಟ್ಟೆಯ ಬೆಲೆಗೆ ಮಾತ್ರ ಲೆವೆಲ್ 1 ಎನ್ನಬಹುದು. ನಮ್ಮದು ಲೆವೆಲ್ 2ಕ್ಕೆ ಇಳಿಯಿತು. ಇಷ್ಟು ಸಾಲದು ಅಂತ, ಸ್ಕ್ರೀನಿನ ಬೆಲೆಯಲ್ಲಿ ಕೂಡಿಬಂದ ಬಡ್ಡಿ (ಈವರೆಗೆ ಬೆಳೆದ, ಇನ್ನೂ ಕೊಡದ ಬಡ್ಡಿ) ಸೇರಿರಲಿಲ್ಲ, ನಮ್ಮ ಪುಸ್ತಕದ ಮೊತ್ತದಲ್ಲಿ ಸೇರಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ನೆ ಹೋಲಿಸಿದ್ದೆ. ಹೊಸಬರು ಜಾಸ್ತಿ ಜಾರುವ ಜಾಗ ಇದೇ ಎಂದು ಆಡಿಟರ್ ಹೇಳಿದರು. ನಾನು ಹೊಸಬನಾಗಿರಲಿಲ್ಲ.

ಸರಿಯಾದ ಅಂಕಿ ಬಂದಾಗ ನಮ್ಮ ಮೇಲಿನವರ ಮುಖ ಅರಳಿತು. "ಹಾಗಾದ್ರೆ ಸಾಲ ಕಡಿಮೆ ಆಯ್ತಲ್ಲ?" ಆಗಿಲ್ಲ ಸಾರ್. ನಮ್ಮ ಬಾಂಡ್ ಅಮಾರ್ಟೈಸ್ಡ್ ಕಾಸ್ಟ್ ಲೆಕ್ಕದ್ದು, ಅಂದರೆ ಮಾರುಕಟ್ಟೆ ಬೆಲೆ ಏರಿಳಿದರೂ ಪುಸ್ತಕದ ಮೊತ್ತ ಅದರ ಜೊತೆ ಕದಲದು, ಬ್ಯಾಲೆನ್ಸ್ ಶೀಟ್‌ನಲ್ಲಿ ಏನೂ ಬದಲಾಗದು. ಅವಧಿ ಮುಗಿದಾಗ 100ಕ್ಕೆ 100 ಕೊಡಲೇಬೇಕು. "ಹಾಗಿದ್ರೆ ಈ ನೋಟ್ ಯಾರು ಓದ್ತಾರೆ?" ಎಂದರು.

ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ನೆನಪಿದೆಯಾ? ಅಲ್ಲಿನದು ಸಾಲವಲ್ಲ, ಹೂಡಿಕೆ. ಆದರೆ ಕಥೆ ಅದೇ. ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುತ್ತೇವೆ ಎಂದಿದ್ದ ಬಾಂಡ್‌ಗಳು 2022ರ ಕೊನೆಗೆ ಪುಸ್ತಕದಲ್ಲಿ ಸುಮಾರು 9,130 ಕೋಟಿ ಡಾಲರ್, ಫೇರ್ ವ್ಯಾಲ್ಯೂ ಸುಮಾರು 7,620 ಕೋಟಿ. ವರದಿಯಲ್ಲೇ ಅಚ್ಚಾಗಿತ್ತು. 2023ರ ಮಾರ್ಚ್ 10ಕ್ಕೆ ಬ್ಯಾಂಕ್ ಮುಚ್ಚಿತು.

ನಮ್ಮ ಮೀಟಿಂಗ್ ಒಂದು ವಾರ ಮುಂದಕ್ಕೆ ಹೋಯಿತು. ಹೋದ ವರ್ಷದ ನೋಟ್ ಕೂಡ ತಪ್ಪು ಎಂದು ಗೊತ್ತಾದದ್ದು ಆ ವಾರದಲ್ಲೇ. ಅದನ್ನೂ ತಿದ್ದಿ, "ತಿದ್ದಿದ್ದೇವೆ" ಎಂದು ಎಲ್ಲರಿಗೂ ಕಾಣುವಂತೆ ಬರೆಯಬೇಕಾಯಿತು. ಯಾರು ಬರೆದದ್ದು ಎಂದು ಹಳೆ ಫೈಲ್ ತೆಗೆದು ನೋಡಿದರು. ನನ್ನದೇ ಹೆಸರಿತ್ತು.